ಕುಬೇರನ ಮಗಳಿಗೆ ಇಟ್ಟ ಹೆಸರು

ಅಣ್ಣಿಗೇರಿ
೧೧ ಡಿಸೆಂಬರ್ ೧೯೮೫, ಬುಧವಾರ

ನನ್ನ ಹಡೆದವ್ವ ಅನ್ನವ್ವನಿಗೆ,

ನಿನ್ನ ಮಗಳು ಮಹಾದೇವಕ್ಕ ಯರಗುಪ್ಪಿಯ ಕಡೆ ಮುಖ ಮಾಡಿ ಕೈ ಮುಗಿದು ಬರೆಯುತ್ತಿದ್ದೇನೆ. ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ಚಳಿ ಶುರುವಾದ ಮೇಲೆ ನಿನ್ನ ಮೊಣಕಾಲು ಹೇಗಿದೆ? ಬೆಳಿಗ್ಗೆ ಎದ್ದ ಕೂಡಲೇ ತಣ್ಣೀರಿನಲ್ಲಿ ಕಾಲಿಡಬೇಡ ಎಂದು ಎಷ್ಟು ಸಲ ಹೇಳಿದರೂ ನೀನು ಕೇಳುವವಳಲ್ಲ.

ಮುಂದೆ ಓದುವ ಮೊದಲು ಜುಲೇಖಾಬಿಗೆ ಒಂದು ಮಾತು. ಜುಲೇಖಾ, ನಮ್ಮವ್ವನಿಗೆ ಅಕ್ಷರ ಬರುವುದಿಲ್ಲ. ಬಾಜೂ ಮನೆಯ ಸೊಸೆಯಾಗಿ ನೀನು ಬಂದದ್ದು ನಮ್ಮ ಪುಣ್ಯ. ಅಪ್ಪ ಹೊಲಕ್ಕೆ ಹೋಗಿದ್ದರೆ ಮಾತ್ರ ಇದನ್ನು ಓದು. ಕಟ್ಟೆಯ ಮೇಲೆ ಕೂತಿದ್ದರೆ, “ಮಹಾದೇವಕ್ಕ ಶೇಂಗಾ ಚಟ್ನಿ ಮಾಡಿ ಕಳಸು ಅಂತ ಬರದಾಳ್ರಿ” ಎಂದು ದೊಡ್ಡ ದನಿಯಲ್ಲಿ ಹೇಳಿ ಮಡಚಿ ಇಟ್ಟುಬಿಡು. ಸುಳ್ಳೇನಲ್ಲ. ಚಟ್ನಿ ನಿಜವಾಗಿಯೂ ಬೇಕು.

ಅವ್ವಾ, ಹೋದ ವಾರದ ಕಾರ್ಡಿನಲ್ಲಿ, ಭಾನುವಾರ ಹುಬ್ಬಳ್ಳಿಗೆ ಹೋಗಿ ಕಣ್ಣು ತೋರಿಸಿಕೊಂಡು ಬರುತ್ತೇನೆ ಎಂದು ಬರೆದಿದ್ದೆ. ಆ ಕಾರ್ಡನ್ನು ಅಪ್ಪನೂ ಓದುತ್ತಾನೆಂದು ಹಾಗೆ ಬರೆದೆ. ಹುಬ್ಬಳ್ಳಿಗೆ ಹೋದದ್ದು ಖರೆ. ಆದರೆ ಅಲ್ಲಿ ಇಳಿದು ಕಲಘಟಗಿ ಬಸ್ಸು ಹತ್ತಿದೆ. ನಾನು ನಮ್ಮ ಕುಬೇರನ ಮನೆಗೆ ಹೋಗಿ ಬಂದೆ. ನಿನ್ನ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಕಾಲು ಜುಮ್ಮೆನ್ನುವವರೆಗೂ ಕೂತು ಬಂದೆ.

ಜುಲೇಖಾ, ಇಲ್ಲಿ ಸ್ವಲ್ಪ ನಿಲ್ಲು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡ ಮೇಲೆ ಮುಂದೆ ಓದು.

ಕೂಸು ದುಂಡಗೆ, ಗಟ್ಟಿಯಾಗಿ ಇದೆ. ತಲೆ ತುಂಬ ಕೂದಲು. ಹಣೆ ನಿನ್ನದು, ಅದರಲ್ಲಿ ಅನುಮಾನವೇ ಇಲ್ಲ. ಸಿಟ್ಟು ಬಂದರೆ ಹುಬ್ಬು ಗಂಟು ಹಾಕುವುದು ಮಾತ್ರ ಅಪ್ಪನ ಹಾಗೆ. ಹಾಲು ಕೊಡಲು ಒಂದು ಕ್ಷಣ ತಡವಾದರೆ ಅಪ್ಪ ರೊಟ್ಟಿಗೆ ಕಾಯುತ್ತ ನೋಡುತ್ತಾನಲ್ಲ, ಹಾಗೆಯೇ ನೋಡುತ್ತದೆ.

ನೀನು ಕೇಳುತ್ತಿ: ಅಳಿಯ ಹೇಗೆ ಬಿಟ್ಟ? ಜುಲೇಖಾಬಿ ಊರಿಗೆ ಹೊಸಬಳು, ಅವಳಿಗೂ ತಿಳಿಯಲಿ ಎಂದು ಬಿಡಿಸಿ ಹೇಳುತ್ತೇನೆ. ನಮ್ಮ ಮನೆಯವರ ತಂಗಿ ಗುರವ್ವನನ್ನು ಕುಬೇರನಿಗೆ ಕೊಡುವುದೆಂದು ಹಿರಿಯರು ಮಾತಾಡಿ, ಎಲೆ ಅಡಿಕೆ ಸಹ ಹಂಚಿದ್ದರು. ಅಷ್ಟರಲ್ಲಿ ಅವನಿಗೆ ಕಲಘಟಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಮಾಸ್ತರಿಕೆ ಸಿಕ್ಕಿತು. ಒಂದು ವರ್ಷದ ಮೇಲೆ ಊರಿಗೆ ಬಂದವನು ಗುರವ್ವನನ್ನು ಒಲ್ಲೆ ಎಂದ. ನಮ್ಮ ಜಾತಿಯಲ್ಲದ ಹಾಲುಮತದವರ ಹುಡುಗಿ, ಪ್ರಾಥಮಿಕ ಶಾಲೆಯ ಟೀಚರ್ ಮೈಲಾರವ್ವನನ್ನು ಮದುವೆಯಾದ. ಅಪ್ಪ ಅಂದು ಅಂಗಳದಲ್ಲಿ ನಿಂತು, “ನನಗ ಮಗಳೊಬ್ಬಾಕೀನ” ಎಂದವನು ಇಂದಿಗೂ ಮಗನ ಹೆಸರು ಎತ್ತಿಲ್ಲ. ಇತ್ತ ಇವರೂ, “ನನ್ನ ತಂಗಿ ಮುಖಕ್ಕ ಮಸಿ ಹಚ್ಚಿದಂವನ ಮನಿಗೆ ನೀ ಕಾಲಿಡಬ್ಯಾಡ” ಎಂದಿದ್ದರು. ಐದು ವರ್ಷ ನಾನು ಇಟ್ಟಿರಲಿಲ್ಲ.

ತೊಟ್ಟಿಲ ಕಾರ್ಯದ ಕಾರ್ಡು ರೈತರ ಮಾಲು ಮಾರಿಸಿಕೊಡುವ ಇವರ ಅಡತಿ ಅಂಗಡಿಯ ವಿಳಾಸಕ್ಕೆ ಬಂತು. ಇವರು ಅದನ್ನು ಹರಿಯಲೂ ಇಲ್ಲ, ನನಗೆ ಕೊಡಲೂ ಇಲ್ಲ; ದೇವರ ಫೋಟೋದ ಹಿಂದೆ ಸಿಗಿಸಿಟ್ಟರು. ಆ ವಾರ ಗುರವ್ವ ಗುಡಗೇರಿಯಿಂದ ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಅಂಗಡಿಯಲ್ಲಿ ಊದುಬತ್ತಿ ಹಚ್ಚಲು ಹೋದವಳ ಕೈಗೆ ಅದು ಸಿಕ್ಕಿತು. ಸೀದಾ ಮನೆಗೆ ತಂದಳು. ಇವರು ಊಟಕ್ಕೆ ಕೂತಿದ್ದರು.

“ಅಣ್ಣಾ, ಇದೇನಿದು?” ಎಂದಳು.

“ನಿನ್ನ ಮಾನ ಕಳದಂವನ ಮನಿ ಕಾರ್ಡು,” ಎಂದರು ಇವರು.

“ನನ್ನ ಮಾನ ನನ್ನ ಕಡೇನ ಐತಿ. ಅಂವ ಒಲ್ಲೆ ಅಂದಿದ್ದಕ್ಕ ನನಗ ಗುಡಗೇರಿಯಾಗ ಛಲೋ ಮನಿ ಸಿಕ್ಕೇತಿ. ಒಲ್ಲದ ಮನಸಿಲೆ ನನ್ನ ಕಟಗೊಂಡಿದ್ರ ಏನ ಗತಿ ಆಕ್ಕಿತ್ತು? ಸಿಟ್ಟು ನನಗ ಇಲ್ಲ, ನೀ ಯಾಕ ಹೊತಗೊಂಡು ತಿರಗತಿ? ನಾನೂ ವೈನೀನೂ ಐತವಾರ ಹೋಗಿ ಬರ್ತೇವಿ. ಸೋದರತ್ತಿ ಇಲ್ಲದ ಕೂಸಿಗೆ ಹೆಸರು ಯಾರು ಹೇಳಬೇಕು?”

ಇವರು ಮಜ್ಜಿಗೆ ಅನ್ನ ಕಲಸುತ್ತಲೇ ಇದ್ದರು. ಕೈ ತೊಳೆದುಕೊಂಡು ಎದ್ದಾಗ, “ಕೂಸಿನ ಕೈಗೆ ಬೆಳ್ಳಿ ಕಡಗ ಒಯ್ರಿ, ಬರಿಗೈಲೆ ಹೋಗಬ್ಯಾಡ್ರಿ,” ಎಂದಷ್ಟೇ ಹೇಳಿ ಅಂಗಡಿಗೆ ಹೋದರು. ಅವ್ವಾ, ನಾನು ಒಲೆಯ ಮುಂದೆ ಕೂತು ಅತ್ತೆ. ಗುರವ್ವ ನನ್ನನ್ನು ನೋಡಿ ನಕ್ಕಳು.

ಭಾನುವಾರ ಬೆಳಗಿನ ರೈಲಿಗೆ ಹುಬ್ಬಳ್ಳಿ, ಅಲ್ಲಿಂದ ಬಸ್ಸು. ನಮ್ಮ ಕಡೆ ಕಣ್ಣು ಹಾಯುವಷ್ಟು ದೂರವೂ ಕಪ್ಪು ಎರಿ ಭೂಮಿ, ಜೋಳ, ಕಡಲೆ. ಆ ಕಡೆ ಹೋಗುತ್ತ ಹೋಗುತ್ತ ಭತ್ತ ಕೊಯ್ದ ಗದ್ದೆಗಳು ಬರುತ್ತವೆ, ಅವುಗಳ ಆಚೆ ಅಡವಿ. ನಾನು ಬರುತ್ತೇನೆಂದು ಮೊದಲೇ ಕಾರ್ಡು ಹಾಕಿದ್ದೆ, ಬಸ್ ಸ್ಟ್ಯಾಂಡಿನಲ್ಲಿ ಕುಬೇರ ನಿಂತಿದ್ದ. ಸ್ವಲ್ಪ ಹೊಟ್ಟೆ ಬಂದಿದೆ, ಕನ್ನಡಕ ಬಂದಿದೆ. ನನ್ನನ್ನು ಕಂಡು ಓಡಿ ಬಂದವನು, ಹಿಂದೆ ಇಳಿದ ಗುರವ್ವನನ್ನು ನೋಡಿ ನಿಂತಲ್ಲೇ ನಿಂತ. ಗುರವ್ವ ಕೈಯಲ್ಲಿದ್ದ ಚೀಲವನ್ನು ಅವನ ಮುಂದೆ ಹಿಡಿದು, “ಇದನ್ನ ಹಿಡಕೋರಿ ಮಾಸ್ತರ. ಹಿಂಗ ಕಂಬ ಆಗಿ ನಿಂತ್ರ ಕೂಸನ್ನ ತೊಟ್ಟಿಲಿಗೆ ಹಾಕೋರು ಯಾರು?” ಎಂದಳು. ಅವನು ಚೀಲ ಹಿಡಿದುಕೊಂಡ. ಏನೋ ಹೇಳಲು ಬಾಯಿ ತೆರೆದ. ಅವಳು, “ಬ್ಯಾಡ್ರಿ, ಏನೂ ಹೇಳಬ್ಯಾಡ್ರಿ. ಹಸಿವ್ಯಾಗೇತಿ, ಹೋಗೂಣು ನಡೀರಿ,” ಎಂದು ಮುಂದೆ ನಡೆದಳು. ಐದು ವರ್ಷದ ಗಂಟು ಅಷ್ಟು ಸರಳವಾಗಿ ಬಿಚ್ಚಿತು ಎಂದರೆ ನೀನು ನಂಬುವುದಿಲ್ಲ. ನಾನೂ ನಂಬಲಿಲ್ಲ.

ಅವರ ಮನೆ ಎರಡು ಕೋಣೆಯದು, ಹಂಚಿನ ಮಾಡು, ಹಿಂದೆ ಹಿತ್ತಿಲು, ಹಿತ್ತಿಲಲ್ಲಿ ಪೇರಲ ಗಿಡ. ನಿನ್ನ ಸೊಸೆ ಬಾಗಿಲಿಗೆ ಬಂದು ಕಾಲಿಗೆ ನೀರು ಕೊಟ್ಟಳು. ಎತ್ತರದ ಹುಡುಗಿ, ಎಣ್ಣೆಗಪ್ಪು ಬಣ್ಣ, ದೊಡ್ಡ ಬಾಯಿ. ಮಾತಿಗಿಂತ ಮೊದಲು ನಗೆ ಬರುತ್ತದೆ. ಬಾಣಂತಿಯಾದರೂ ಒಂದು ಕಡೆ ಕೂಡುವವಳಲ್ಲ. ನನ್ನನ್ನು ಕೇಳಿದ ಮೊದಲ ಮಾತು ಏನು ಗೊತ್ತೇನು? “ಅಕ್ಕಾರ, ಅತ್ತಿಯವರ ಮೊಣಕಾಲು ಈಗ ಹ್ಯಾಂಗದಾವ್ರಿ?” ನಿನ್ನ ಮುಖ ಕಾಣದವಳು, ಅವ್ವಾ. ನಾನು ಏನೇನೋ ಬಿಗಿದುಕೊಂಡು ಹೋಗಿದ್ದೆ. ಎಲ್ಲ ಆ ನೀರಿನ ಜೊತೆ ಹರಿದುಹೋಯಿತು.

ಪಡಸಾಲೆಯಲ್ಲಿ ಸೊಳ್ಳೆಪರದೆ ಹೊದಿಸಿದ ಒಂದು ಕಟ್ಟಿಗೆಯ ಪೆಟ್ಟಿಗೆ ಇತ್ತು. ಒಳಗೆ ನೀರಿನ ಶೀಸೆಯಲ್ಲಿ ಪೇರಲ ಟೊಂಗೆ ಇಟ್ಟಿದ್ದರು. ಇವರೇನು ಸೊಪ್ಪು ಸಾಕುತ್ತಾರೋ ಎಂದು ಗುರವ್ವ ಪರದೆ ಎತ್ತಿ ಒಂದು ಒಣಗಿದ ಕಡ್ಡಿ ತೆಗೆದು ಒಗೆಯಲು ಹೋದಳು. ಆ ಕಡ್ಡಿ ಅವಳ ಕೈ ಹಿಡಿಯಿತು! “ಅಯ್ಯಯ್ಯೋ, ಕಟಗಿಗೆ ಜೀವ ಬಂತ್ರಿ!” ಎಂದು ಅವಳು ಕುಣಿದ ಕುಣಿತಕ್ಕೆ ಒಳಗಿದ್ದ ಹೆಂಗಸರೆಲ್ಲ ಹೊರಗೆ ಬಂದರು. ಕಡ್ಡಿಹುಳ ಅಂತೆ. ಗೇಣಿಗಿಂತ ಉದ್ದ, ಬೆರಳಿನಷ್ಟೂ ದಪ್ಪವಿಲ್ಲ. ಕಾಲುಗಳನ್ನು ಮುಂದೆ ಚಾಚಿ ಮಲಗಿದರೆ ದೇವರಾಣೆಗೂ ಅದು ಹುಳ ಎಂದು ಹೇಳಲಿಕ್ಕಾಗದು. ಯಾರಿಗೂ ಏನೂ ಮಾಡುವುದಿಲ್ಲ, ಕಚ್ಚುವುದಿಲ್ಲ, ಎಲೆ ತಿಂದುಕೊಂಡು ಸುಮ್ಮನೆ ಇರುತ್ತದೆ.

ಅವ್ವಾ, ಈ ಹುಳವೇ ನಮ್ಮ ಕುಬೇರನಿಗೆ ಲಗ್ನ ಮಾಡಿಸಿದ್ದು. ನಾವು ಏನೇನೋ ತಿಳಿದುಕೊಂಡಿದ್ದೆವು. ಮದ್ದು ಹಾಕಿದರು ಎಂದು ನಮ್ಮ ಓಣಿಯವರು ಅಂದದ್ದನ್ನು ನಾನೂ ಅರ್ಧ ನಂಬಿದ್ದೆ. ಆದದ್ದು ಇಷ್ಟು. ಮೈಲಾರವ್ವನ ಶಾಲೆ ಅಡವಿಯ ಅಂಚಿನ ಒಂದು ಹಳ್ಳಿಯಲ್ಲಿ. ಮಳೆಗಾಲದ ಒಂದು ದಿನ ನೆನೆದ ಛತ್ರಿಯನ್ನು ಮೂಲೆಗೆ ಒರಗಿಸಿ ಪಾಠ ಶುರು ಮಾಡಿದ್ದಳಂತೆ. ಹುಡುಗರು, “ಟೀಚರ್, ನಿಮ್ಮ ಛತ್ರಿ ಕಡ್ಡಿ ಎದ್ದು ಹೊಂಟೇತ್ರಿ!” ಎಂದು ಕೂಗಿದರಂತೆ. ಅವಳು ಅದನ್ನು ರೊಟ್ಟಿಯ ಡಬ್ಬಿಯಲ್ಲಿ ಹಾಕಿಕೊಂಡು ಕಲಘಟಗಿಗೆ ತಂದು ಹೈಸ್ಕೂಲಿನ ವಿಜ್ಞಾನ ಮಾಸ್ತರಿಗೆ ತೋರಿಸಿದಳು. ಕುಬೇರ ದೊಡ್ಡ ಮನುಷ್ಯನ ಹಾಗೆ, “ಇದು ಕಡ್ಡಿಹುಳ,” ಎಂದನಂತೆ. ಅವಳು, “ಕಡ್ಡಿ ಹಂಗದ ಅನ್ನೂದು ನನಗೂ ಕಾಣತೈತ್ರಿ ಸರ್. ಇದರ ಹೆಸರೇನು?” ಎಂದಳಂತೆ. ನಮ್ಮವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಂದು ಹುಡುಗಿಯ ಮುಂದೆ ಹೇಳಬೇಕಾಯಿತಲ್ಲ, ಅದು ಅವನನ್ನು ಕೂಡಗೊಡಲಿಲ್ಲ. ಧಾರವಾಡದ ಒಬ್ಬ ಪ್ರೊಫೆಸರರಿಗೆ ಚಿತ್ರ ಬರೆದು ಕಳಿಸಿದ. ಅವರು, ಕೈಯಲ್ಲಿ ಹಿಡಿದು ನೋಡದೆ ಖಂಡಿತ ಹೇಳಲಾರೆ, ಬಹುಶಃ ಫಾರ್ನೇಸಿಯಾ ಎಂಬ ಪಂಗಡದ್ದಿರಬೇಕು ಎಂದು ಉತ್ತರ ಬರೆದರು. ಆ ಉತ್ತರ ತೋರಿಸಲು ಇವನು ಅವಳ ಹಳ್ಳಿಗೆ ಹೋದ. ಇನ್ನೊಂದು ಸಿಕ್ಕಿತೆಂದು ತೋರಿಸಲು ಅವಳು ಇಲ್ಲಿಗೆ ಬಂದಳು. ಮುಂದಿನದನ್ನು ಬರೆಯುವುದು ಬೇಡ, ನೀನೇ ತಿಳಿದುಕೋ.

ಊಟಕ್ಕೆ ಮೊದಲು ಎಲ್ಲರೂ ಪಡಸಾಲೆಯಲ್ಲಿ ಕೂತಾಗ ಕುಬೇರ ಆ ಹೆಸರಿನ ಕಥೆ ಹೇಳಿದ. ಅದು ಗ್ರೀಕರ ಹಳೆಯ ಹೆಸರಂತೆ. ಕಪ್ಪು ಸಮುದ್ರ ಎಂಬ ಒಂದು ಸಮುದ್ರವಿದೆಯಂತೆ, ಅದರ ದಂಡೆಯ ಮೇಲಿನ ಒಂದು ಪಟ್ಟಣಕ್ಕೆ ಹಿಂದೆ ಇದೇ ಹೆಸರಿತ್ತಂತೆ. ಆ ಕಡೆಯೇ ಇನ್ನೊಂದು ಊರಿಗೂ ಇತ್ತಂತೆ. “ಕಪ್ಪು ಸಮುದ್ರ ಅಂದ್ರ ನಮ್ಮ ಎರಿ ಹಂಗೇನೋ! ಮಳಿಯಾದ್ರ ಎತ್ತು ಹುಗಿತಾವೇನ್ರಿ?” ಎಂದು ಗುರವ್ವ ಕೇಳಿದಳು. ಅವರ ಪುರಾಣದಲ್ಲಿಯೂ ಆ ಹೆಸರಿನ ಒಬ್ಬಳು ಅರಸನ ಮಗಳು ಬರುತ್ತಾಳಂತೆ. ತನ್ನ ದೇಶ ಬಿಟ್ಟು ದೂರದಿಂದ ಬಂದವನೊಬ್ಬನನ್ನು ಅವಳು ಮದುವೆಯಾದಳಂತೆ. ಅವರಿಗೆ ಹುಟ್ಟಿದ ಮಗ ಮುಂದೆ ದೊಡ್ಡ ರಾಜನಾದನಂತೆ. ಇದನ್ನು ಹೇಳುವಾಗ ಕುಬೇರ ಮೈಲಾರವ್ವನ ಕಡೆ ನೋಡಿದ. ಅವಳು ಮುಖ ತಿರುಗಿಸಿ ಕೂಸಿನ ಕುಂಚಿಗೆ ಸರಿಪಡಿಸಿದಳು. ಆಮೇಲೆ ಯಾರೋ ಹುಳಗಳಿಗೆ ಹೆಸರಿಡುವ ಪಂಡಿತರು ಅದನ್ನೇ ತಂದು ಈ ಹುಳಕ್ಕೂ ಇಟ್ಟರು.

ಇಂಥ ಹುಳಗಳಲ್ಲಿ ಕೆಲವು ಗಂಡಿನ ಸಂಗವಿಲ್ಲದೆಯೇ ತತ್ತಿ ಇಡುತ್ತವೆ, ಮರಿಯೂ ಆಗುತ್ತವೆ ಎಂದೂ ಹೇಳಿದ. ನಿನ್ನ ಬೀಗತಿ ಕೆಂಚವ್ವ, ಅಂದರೆ ಮೈಲಾರವ್ವನ ತಾಯಿ, ಇಷ್ಟು ಹೊತ್ತು ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದವಳು, “ಹಂಗಾರ ಅಳಿಯಂದ್ರನ್ನ ಮಾತಾಡಿಸೂ ಕೆಲಸ ಇಲ್ಲ ಅನ್ರಿ. ಪುಣ್ಯ ಮಾಡ್ಯಾವ!” ಎಂದಳು. ಕುಬೇರನೂ ನಕ್ಕ. ಆ ಮನೆಯಲ್ಲಿ ಅತ್ತೆ ಅಳಿಯ ಹಾಗೆ ಮಾತಾಡುತ್ತಾರೆ. ನನಗೆ ಹೊಸದೆನಿಸಿತು, ಆದರೆ ಕೆಟ್ಟದ್ದೆನಿಸಲಿಲ್ಲ.

ಆಗಲೇ ಅವನು ಹೇಳಿದ್ದು: “ಅಕ್ಕಾ, ನಮ್ಮ ಮಗಳಿಗೂ ಅದೇ ಹೆಸರು ಇಡಬೇಕಂತ ಮಾಡೀವಿ.”

ಅವ್ವಾ, ಇಷ್ಟು ಹೊತ್ತು ಸುತ್ತಿ ಬಳಸಿ ಬರೆದೆ. ಇನ್ನು ತಪ್ಪಿಸಿಕೊಳ್ಳಲಾರೆ. ಪಂಚಮಿಗೆ ಬಂದಾಗ ನೀನು ಹಿತ್ತಿಲಲ್ಲಿ ನನ್ನ ಕೈ ಹಿಡಿದು ಹೇಳಿದ್ದಿ: ಕುಬೇರನಿಗೆ ಹೆಣ್ಣು ಹುಟ್ಟಿದರೆ ಅಪ್ಪನ ಅವ್ವ ಕಸ್ತೂರೆವ್ವನ ಹೆಸರು ಇಡಿಸು, ತನ್ನ ಹಡೆದವಳ ಹೆಸರು ಕಿವಿಗೆ ಬಿದ್ದರೆ ಆ ಮನುಷ್ಯ ಕರಗದೆ ಇರಲಾರ, ಎಂದು. ನಾನು ಹೂಂ ಅಂದಿದ್ದೆ. ಕಲಘಟಗಿಗೆ ಹೊರಟದ್ದೂ ಅದಕ್ಕೇ. ಸೋದರತ್ತೆ ಕಿವಿಯಲ್ಲಿ ಹೇಳಿದ್ದೇ ಹೆಸರು. ಯಾರು ಏನೇ ನಿಶ್ಚಯ ಮಾಡಿರಲಿ, ಆ ಹೊತ್ತಿಗೆ ಬಾಯಿ ನನ್ನದು ಎಂದು ಗಟ್ಟಿ ಮಾಡಿಕೊಂಡಿದ್ದೆ.

ಕುಬೇರನನ್ನು ಹಿತ್ತಿಲಿಗೆ ಕರೆದೆ. ಸಿಟ್ಟೂ ಬಂದಿತ್ತು. “ಹೆಣ್ಣು ಕೂಸಿಗೆ ಹುಳದ ಹೆಸರು ಇಡ್ತಿಯೇನಲೇ?” ಎಂದೆ.

“ಮಲ್ಲಿಗಿ ಅಂತ ಇಟ್ರ ಬಳ್ಳಿ ಹೆಸರು ಅಲ್ಲೇನಕ್ಕ? ಗಂಗಾ ಅಂತ ಇಟ್ರ ಹೊಳಿ ಹೆಸರು ಅಲ್ಲೇನು?” ಎಂದ. ಮೊದಲಿನಿಂದಲೂ ಹೀಗೇ, ಮಾತಿನಲ್ಲಿ ಸಿಗುವವನಲ್ಲ.

ಆಗ ನಿನ್ನ ಮಾತು ಹೇಳಿದೆ. ಕಸ್ತೂರೆವ್ವ ಎಂದ ಕೂಡಲೇ ಅವನ ಮುಖ ಮೆತ್ತಗಾಯಿತು. ಅಜ್ಜಿ ಅವನನ್ನು ಎಷ್ಟು ಹಚ್ಚಿಕೊಂಡಿದ್ದಳು, ಅವನಿಗೆ ಬಾಯಲ್ಲಿ ಇಟ್ಟು ಉಣ್ಣಿಸಿದವಳು. ಪೇರಲ ಗಿಡದ ತೊಗಟೆ ಸುಲಿಯತೊಡಗಿದ. ಆಮೇಲೆ ಹೇಳಿದ: “ಅಜ್ಜಿ ಹೆಸರು ನನಗ ಬ್ಯಾಡಂತಲ್ಲಕ್ಕ. ಅಜ್ಜಿ ನೆನಪಿಗೆ ಇಡೂದಾಗಿದ್ರ ಇವತ್ತ ಇಡತಿದ್ದೆ. ನೀವು ಇಡಸಾಕತ್ತಿದ್ದು ಅಪ್ಪನ್ನ ಕರಸಾಕ. ಕೂಸಿಗೆ ಕುತ್ತಿಗಿ ಇನ್ನೂ ನಿಂತಿಲ್ಲ. ಅದರ ಮ್ಯಾಲೆ ಅಷ್ಟು ದೊಡ್ಡ ಕೆಲಸ ಹೊರಸಬ್ಯಾಡ. ನಾಳೆ ಅಪ್ಪ ಬರಲಿಲ್ಲಂದ್ರ, ತನ್ನ ಹೆಸರು ಕರದಾಗೊಮ್ಮೆ ಅದು ಏನಂತ ತಿಳಕೋಬೇಕು?”

ನಾನು ಒಳಗೆ ಹೋಗಲು ತಿರುಗಿದೆ. ಹಿತ್ತಿಲ ಬಾಗಿಲಲ್ಲಿ ಮೈಲಾರವ್ವ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಆಗ ಮಾತ್ರ ಅವಳ ಮುಖದಲ್ಲಿ ನಗೆ ಇರಲಿಲ್ಲ.

“ಅಕ್ಕಾರ, ಸಿಟ್ಟಾಗಬ್ಯಾಡ್ರಿ,” ಎಂದಳು. “ನಾನು ದಿನಾ ಹಾಜರಿ ಕರಿಯಾಕಿ. ಹೆಸರು ಕರದ ಕೂಡಲೇ ಕೂಸು ಯಾವ ಓಣೀದು, ಯಾರ ಪೈಕಿ, ಎಲ್ಲಾ ಗೊತ್ತಾಗಿಬಿಡತೈತಿ. ನನ್ನ ಹೆಸರು ಕೇಳಿದವರು ಎರಡನೇ ಮಾತು ಕೇಳೂದಿಲ್ರಿ, ಅವರಿಗೆ ಬೇಕಾದ್ದು ತಿಳಿದಿರತೈತಿ. ನನ್ನ ಹೆಸರಂದ್ರ ನನಗ ಪ್ರೀತಿ, ನಮ್ಮ ದೇವರ ಹೆಸರದು. ಆದರ ನನ್ನ ಮಗಳ ಹೆಸರು ಕೇಳಿದವರು, ‘ಹಂಗಂದ್ರೇನವಾ?’ ಅಂತ ಅಕಿನ್ನೇ ಕೇಳಬೇಕು. ಆವಾಗ ಅಕಿ ಊರಿನ ಕಥಿ ಹೇಳ್ತಾಳ, ರಾಣಿ ಕಥಿ ಹೇಳ್ತಾಳ, ನಮ್ಮ ಛತ್ರಿ ಕಥೀನೂ ಹೇಳ್ತಾಳ. ಅಲ್ಲಿಗೆ ಕೇಳಿದವರಿಗೆ ಜಾತಿ ಕೇಳೂದು ಮರ್ತ ಹೋಗಿರತೈತಿ.”

ಅಷ್ಟು ಹೇಳಿ, “ಆದ್ರ ಹೆಸರು ಹೇಳೂ ಹಕ್ಕು ನಿಮ್ಮದ್ರಿ. ನೀವು ಏನ ಹೇಳಿದ್ರೂ ಅದನ್ನ ಕರೀತೀವಿ,” ಎಂದು ಒಳಗೆ ಹೋದಳು.

ಅವಳು ಜಗಳಾಡಿದ್ದರೆ ನನಗೆ ಸುಲಭವಾಗುತ್ತಿತ್ತು, ಅವ್ವಾ.

ಮಧ್ಯಾಹ್ನ ತೊಟ್ಟಿಲು ಕಟ್ಟಿದರು. ಓಣಿಯ ಹೆಂಗಸರು, ಅವರಿಬ್ಬರ ಜೊತೆ ಕೆಲಸ ಮಾಡುವ ಟೀಚರುಗಳು, ಕೆಂಚವ್ವನ ಕಡೆಯವರು, ಮನೆ ತುಂಬಿತ್ತು. ತೊಟ್ಟಿಲಿಗೆ ಚೆಂಡು ಹೂವಿನ ಸರ, ಬುಟ್ಟಿಯಲ್ಲಿ ಗುಗ್ಗರಿ. ಕೂಸನ್ನು ತೊಟ್ಟಿಲ ಕೆಳಗಿನಿಂದ ಮೇಲಕ್ಕೆ ದಾಟಿಸಿ ಮಲಗಿಸಿದರು. ಒಬ್ಬ ಮುದುಕಿ ಜೋಗುಳ ಹಾಡಿದಳು. ನಾನು ಕಡಗ ತೊಡಿಸಿ ಬಾಗಿದೆ. ಹಿಂದೆ ಗುರವ್ವ ಮುಷ್ಟಿ ಬಿಗಿದು ಕಾಯುತ್ತ ನಿಂತಿದ್ದಳು. ಹೆಸರು ಹೇಳುವ ಸೋದರತ್ತೆಯ ಬೆನ್ನಿಗೆ ಗುದ್ದುವ ಕೆಲಸ ಬೇರೆ ಯಾರಿಗೂ ಬಿಡುವುದಿಲ್ಲ ಎಂದು ದಾರಿಯಲ್ಲೇ ಹೇಳಿಟ್ಟಿದ್ದಳು.

ಕಸ್ತೂರೆವ್ವ ಎಂಬ ಹೆಸರು ನನ್ನ ನಾಲಗೆಯ ತುದಿಯಲ್ಲೇ ಇತ್ತು. ಕೂಸು ಎಚ್ಚರವಿತ್ತು. ಬಜೆಯ ವಾಸನೆ, ಎಣ್ಣೆಯ ವಾಸನೆ. ನಾನು ಕಿವಿಯ ಹತ್ತಿರ ಬಾಯಿ ತಂದಾಗ ಅದು ಅಳಲಿಲ್ಲ, ಉಸಿರು ಹಿಡಿದುಕೊಂಡು ಕೇಳುವವರ ಹಾಗೆ ಸುಮ್ಮನಾಯಿತು. ಈಗ ನಾನು ಆ ಹೆಸರು ಹೇಳಿದರೆ, ಹುಟ್ಟಿದಾಗಿನಿಂದ ಇದರ ಕಿವಿಗೆ ಬೀಳುವ ಮೊದಲ ದೊಡ್ಡ ಮಾತು ಇದಕ್ಕೆ ಹೇಳಿದ್ದಾಗಿರುವುದಿಲ್ಲ. ಯರಗುಪ್ಪಿಯಲ್ಲಿ ಕೂತ ಅಪ್ಪನಿಗೆ ಹೇಳಿದ್ದಾಗಿರುತ್ತದೆ ಎನಿಸಿತು. ನಾವು ಅಪ್ಪನ ಜೊತೆ ಆಡಬೇಕಾದ ಮಾತನ್ನು ನಾವೇ ಆಡಬೇಕು, ಅವ್ವಾ. ಐದು ವರ್ಷ ನೀನು ಆಡಲಿಲ್ಲ, ನಾನು ಆಡಲಿಲ್ಲ. ಈಗ ಹಸುಗೂಸಿನ ಕೈಯಲ್ಲಿ ಆಡಿಸುವುದು ನನಗೆ ಸರಿ ಕಾಣಲಿಲ್ಲ.

ಪದ್ಧತಿಯಂತೆ ಮೊದಲು ಕಿವಿಯಲ್ಲಿ “ಕುರ್‌ರ್” ಎಂದೆ. ಕುಬೇರ ಹೇಳಿಕೊಟ್ಟ ಹೆಸರು ಹೇಳಹೋದೆ. “ಫಾರ್...” ಎನ್ನುವಷ್ಟರಲ್ಲಿ ಗುರವ್ವನ ಗುದ್ದು ಬಿತ್ತು ನೋಡು! ಐದು ವರ್ಷದ ಲೆಕ್ಕವನ್ನೆಲ್ಲ ನನ್ನ ಬೆನ್ನಿಗೇ ಚುಕ್ತಾ ಮಾಡಿದಳೋ ಏನೋ. ನನ್ನ ನಾಲಗೆ ಹೊರಳಿ, ಏನು ಅಂದೆನೋ ನನಗೇ ತಿಳಿಯಲಿಲ್ಲ. ಬಾಜೂ ನಿಂತ ಕೆಂಚವ್ವನಿಗೆ ಕಿವಿ ಸ್ವಲ್ಪ ಮಂದ. ಅವಳು ಕೈ ಎತ್ತಿ, “ಪಾರಣಿ! ಪಾರಣ್ಯಂತ ಹೆಸರಿಟ್ರು!” ಎಂದು ಎಲ್ಲರಿಗೂ ಸಾರಿಬಿಟ್ಟಳು. “ಅಗದಿ ಛಲೋ ಹೆಸರು. ಶಿವರಾತ್ರಿ ಉಪಾಸ ಮಾಡಿ ಮರುದಿನ ಉಣ್ಣೂದಿಲ್ಲೇನು, ಪಾರಣಿ! ಇಷ್ಟು ವರ್ಷ ಈ ಮನಿಗೆ ಯಾರೂ ಬಂದಿದ್ದಿಲ್ಲ, ಇವತ್ತ ಬಂದು ಉಣ್ಣಾಕತ್ತಾರ. ಖರೇನ ಪಾರಣಿ ಆತು ಬಿಡ್ರಿ.”

ಕುಬೇರ, “ಹಂಗಲ್ರಿ ಅತ್ತಿ, ಫಾರ್ನೇಸಿಯಾ,” ಎಂದು ತಿದ್ದಲು ಹೋದ. ಯಾರು ಕೇಳುತ್ತಾರೆ? ಹೆಂಗಸರೆಲ್ಲ ಪಾರಣಿ, ಪಾರಣಿ ಎಂದು ತೊಟ್ಟಿಲು ತೂಗಲು ಶುರು ಮಾಡಿದ್ದರು. ಮೈಲಾರವ್ವ ಬಾಣಂತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರು. ಗದ್ದಲ ಸ್ವಲ್ಪ ಇಳಿದ ಮೇಲೆ ನಾನು ಮತ್ತೊಮ್ಮೆ ಬಾಗಿ, ಪೂರ್ತಿ ಹೆಸರನ್ನು ಬಿಡಿಸಿ ಬಿಡಿಸಿ, ಸರಿಯಾಗಿ ಕಿವಿಯಲ್ಲಿ ಹೇಳಿದೆ. ಶಾಲೆಗೆ ಹಾಕುವಾಗ ಅದನ್ನೇ ಬರೆಸುತ್ತಾರೆ. ಮನೆಯಲ್ಲಿ ಮಾತ್ರ ಪಾರಣಿ ಎಂದು ಆಗಿಹೋಯಿತು.

ನಿನ್ನ ಮಾತು ಉಳಿಸಲಿಲ್ಲ. ಬೈಯಬೇಕೆನಿಸಿದರೆ ಜುಲೇಖಾಳ ಕೈಯಿಂದ ಬರೆಸು, ಓದಿಕೊಳ್ಳುತ್ತೇನೆ. ಆದರೆ ಮಾಡಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಊಟಕ್ಕೆ ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅಲ್ಲಿಯ ಹೊಸ ಅಕ್ಕಿಯ ಅನ್ನ. ಗುರವ್ವನಿಗೆ ಕುಬೇರನೇ ಎರಡನೇ ಸಲ ಹುಗ್ಗಿ ಬಡಿಸಿದ. ಅವಳು ಬೇಡ ಎನ್ನಲಿಲ್ಲ. ಹೊರಡುವಾಗ ಮೈಲಾರವ್ವ ಅವಳಿಗೂ ನನಗೂ ಕುಬಸದ ಖಣ ಕೊಟ್ಟು ಉಡಿ ತುಂಬಿದಳು. ಕೆಂಚವ್ವ ನನ್ನ ಕೈ ಬಿಡದೆ ಬಾಗಿಲತನಕ ಬಂದು ಹೇಳಿದಳು: “ನನ್ನ ಬೀಗತಿಗೆ ಹೇಳ್ರಿ. ಕೂಸಿಗೆ ಎಣ್ಣಿ ಹಚ್ಚಿ ಎರಿಯಾಕ ಇಬ್ಬರು ಅಜ್ಜಿ ಬೇಕು. ನಾ ಒಬ್ಬಾಕಿ ಬಲಗಾಲು ತಿಕ್ಕೂದ್ರಾಗ ಇದು ಎಡಗಾಲಿಲೆ ಒದೀತೈತಿ. ಎಡಗಾಲು ನಾ ಮುಟ್ಟೂದಿಲ್ಲ, ಅವರದು ಅಂತ ಬಿಟ್ಟೇನಿ.” ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ.

ದೀಪ ಹಚ್ಚುವ ಹೊತ್ತಿಗೆ ಅಣ್ಣಿಗೇರಿ ಮುಟ್ಟಿದೆವು. ಇವರು ಕಟ್ಟೆಯ ಮೇಲೆ ಕೂತಿದ್ದರು. “ಊಟಕ್ಕ ಏನ ಮಾಡಿದ್ರು?” ಎಂದು ಕೇಳಿದರು, ಮತ್ತೇನೂ ಕೇಳಲಿಲ್ಲ. ಮರುದಿನ ತಲೆಗೆ ರುಮಾಲು ಸುತ್ತಿಕೊಳ್ಳುತ್ತ, ನನ್ನ ಕಡೆ ನೋಡದೆಯೇ, “ಹೆಸರೇನಿಟ್ರಿ?” ಎಂದರು. ಹೇಳಿದೆ. “ಔಷಧದ ಶೀಸೆ ಮ್ಯಾಲೆ ಬರದಿರತಾರಲ್ಲ, ಹಂಗ ಐತಿ,” ಎಂದರು. ಆದರೆ ಅಂಗಡಿಗೆ ಹೋಗುವಾಗ ನಗುತ್ತಿದ್ದರು.

ಸಂಕ್ರಮಣಕ್ಕೆ ನೀನು ಇಲ್ಲಿಗೆ ಬಾ. ಅಪ್ಪನಿಗೆ ಮಗಳ ಮನೆಗೆ ಎಂದು ಹೇಳಿ ಬಾ, ಅದು ಸುಳ್ಳಾಗುವುದಿಲ್ಲ. ಇಲ್ಲಿಂದ ಮುಂದೆ ಹೋಗುವುದನ್ನು ನಾವು ನೋಡಿಕೊಳ್ಳುತ್ತೇವೆ. ಧೈರ್ಯ ಬಂದರೆ ಅಪ್ಪನಿಗೆ ಹೇಳಿಯೇ ಬಾ. ನಾನೂ ಒಂದು ದಿನ ಅವನ ಎದುರು ಕೂತು ಹೇಳುವವಳೇ.

ಜುಲೇಖಾ, ಗಂಟಲು ಒಣಗಿರಬೇಕು. ಅವ್ವನ ಕೈಯಿಂದ ಚಹಾ ಮಾಡಿಸಿಕೊಂಡು ಕುಡಿ.

ನಿನ್ನ ಮಡಿಲಲ್ಲಿ ತಲೆ ಇಟ್ಟು ಮಲಗಬೇಕೆನಿಸಿರುವ,
ನಿನ್ನ ಮಗಳು
ಮಹಾದೇವಕ್ಕ

ತಾಜಾ ಕಲಂ, ಶನಿವಾರ:

ಬರೆದಿಟ್ಟರೂ ಅಂಚೆಗೆ ಹಾಕಲು ಮನಸ್ಸು ಗಟ್ಟಿಯಾಗದೆ ಇದು ಟ್ರಂಕಿನಲ್ಲೇ ಉಳಿದಿತ್ತು. ಒಳ್ಳೆಯದೇ ಆಯಿತು. ನಿನ್ನೆ ಅಪ್ಪ ಇಲ್ಲಿಗೆ ಬಂದಿದ್ದ! ನಿನ್ನ ಮುಂದೆ ಹೇಳಿರಲಾರ. ಮನೆಗೆ ಬರಲಿಲ್ಲ, ಸೀದಾ ಅಂಗಡಿಗೆ ಹೋಗಿ ಮೆಣಸಿನಕಾಯಿಯ ದರ ಕೇಳಿದನಂತೆ. ಇಷ್ಟು ವರ್ಷದಲ್ಲಿ ಅಪ್ಪ ಹುಬ್ಬಳ್ಳಿ ಬಿಟ್ಟು ಅಣ್ಣಿಗೇರಿಗೆ ಮಾಲು ತಂದದ್ದು ಎಂದಾದರೂ ಉಂಟೇ? ದರ ಕೇಳಿಯೂ ಏಳಲಿಲ್ಲವಂತೆ. ಕೊನೆಗೆ, ಗುಡಗೇರಿ ಸಂತೆಯಲ್ಲಿ ಗುರವ್ವನ ಗಂಡ ಸಿಕ್ಕಿದ್ದ, ತೊಟ್ಟಿಲ ಕಾರ್ಯ ಆಯಿತೆಂದು ಹೇಳಿದ, ಎಂದು ನೆಲ ನೋಡುತ್ತ ಹೇಳಿದನಂತೆ. “ಏನಂತ ಕರದ್ರು?” ಎಂದು ಕೇಳಿದಾಗ ಇವರು, “ಪಾರಣಿ ಅಂತಾರ್ರೀ ಮಾವಾರ,” ಎಂದರು. ಅಪ್ಪ ತಲೆ ಅಲ್ಲಾಡಿಸಿ, “ಅದು ಕರಿಯೂ ಹೆಸರಾತು. ಇಟ್ಟ ಹೆಸರು ಹೇಳ್ರಿ,” ಎಂದನಂತೆ. ಇವರು ಹೇಳಿದರು. ಇನ್ನೊಮ್ಮೆ ಹೇಳಿಸಿಕೊಂಡ. ಬಸ್ಸಿಗೆ ಹತ್ತಿಸಲು ಇವರೇ ಹೋಗಿದ್ದರು. ಬಸ್ಸು ಬಿಡುವವರೆಗೂ ಕಿಟಕಿಯ ಬಾಜು ಕೂತ ಅಪ್ಪನ ತುಟಿಗಳು ತಡವರಿಸಿ ತಡವರಿಸಿ ಅಲ್ಲಾಡುತ್ತಿದ್ದವಂತೆ. ಮಾವನವರು ಶಿವನಾಮ ಹೇಳುತ್ತಿದ್ದಾರೆ ಎಂದು ಇವರು ತಿಳಿದರು. ಆದರೆ ಶಿವನಾಮ ಹೇಳುವಾಗ ಅಪ್ಪನ ನಾಲಗೆ ಅಷ್ಟು ಎಡವುವುದಿಲ್ಲ, ಅವ್ವಾ.